ಹಳ್ಳ ದಾಟಿದ ಗೊಣ್ಣೆಹುಳುಗಳು

ಮಹಾಲಿಂಗಪ್ಪನ ಹಿತ್ತಲಿನ ಗೊಬ್ಬರದ ಗುಂಡಿಯಲ್ಲಿದ್ದ ಗೊಣ್ಣೆಹುಳುಗಳು ಇನ್ನೂರಾ ಹನ್ನೆರಡು. ಆತ ಎರಡು ಸಲ ಎಣಿಸಿದ್ದ. ಮೊದಲ ಸಲ ಇನ್ನೂರಾ ಹನ್ನೊಂದು ಬಂದಿತ್ತು. ಬಿಟ್ಟುಹೋದ ಒಂದನ್ನು ಸಗಣಿಯ ಹೆಂಟೆಯೊಳಗಿಂದ ಹುಡುಕಿ ತೆಗೆಯಲು ಅರ್ಧ ತಾಸು ಹಿಡಿಯಿತು. ಒಂದೊಂದೂ ಹೆಬ್ಬೆರಳಿನಷ್ಟು ದಪ್ಪ, ಬೆಣ್ಣೆಯ ಬಣ್ಣ, ಕಂದು ತಲೆ. ಮುಟ್ಟಿದರೆ ಕುಡುಗೋಲಿನಂತೆ ಬಾಗಿ ಮಲಗುತ್ತಿದ್ದವು.

ಇದು ನಡೆದದ್ದು ೧೯೪೩ರಲ್ಲಿ, ನಾಗರ ಪಂಚಮಿಗೆ ಇನ್ನು ಐದು ದಿನ ಇದ್ದಾಗ, ಶಿಗ್ಗಾಂವಿ ತಾಲೂಕಿನ ಮೂಡಣ ಅಂಚಿನ ಹಳ್ಳದಕೊಪ್ಪದಲ್ಲಿ. ಊರ ಮಗ್ಗುಲಲ್ಲೇ ಒಂದು ಹಳ್ಳ. ಅದರ ಈಚೆ ಮುಂಬಯಿ ಸರಕಾರ, ಆಚೆ ಸವಣೂರ ಸಂಸ್ಥಾನ. ಎಮ್ಮೆಗಳು ದಿನಕ್ಕೆ ಎರಡು ಸಲ ರಾಜ್ಯ ಬದಲಿಸುತ್ತಿದ್ದವು.

ಮೊದಲೆಲ್ಲ ಮಹಾಲಿಂಗಪ್ಪನ ತಿಪ್ಪೆ ಊರ ಹೊರಗೆ, ಹೊಲದ ಹಾದಿಯಲ್ಲಿತ್ತು. ಅದರಲ್ಲೂ ಹುಳು ಇದ್ದಿರಬೇಕು, ಯಾರೂ ನೋಡಿರಲಿಲ್ಲ. ಯುದ್ಧದ ಕಾಲಕ್ಕೆ ಹೆಚ್ಚು ಬೆಳೆ ಬೆಳೆಯಿರಿ ಎಂಬ ಚಳವಳಿ ಬಂತು. ಶೇತ್ಕಿ ಖಾತೆಯ, ಎಂದರೆ ಬೇಸಾಯ ಇಲಾಖೆಯ, ಬಸವಣ್ಣೆಪ್ಪ ಸೈಕಲ್ಲಿನ ಮೇಲೆ ಬಂದು, ಮನೆಯ ಹಿತ್ತಲಲ್ಲೇ ಹತ್ತು ಫೂಟು ಉದ್ದ, ಆರು ಫೂಟು ಅಗಲ, ಮೂರು ಫೂಟು ಆಳದ ಗುಂಡಿ ತೋಡಿಸಿದ. ಗುಂಡಿಯಿಂದ ಹದಿನಾಲ್ಕು ಹೆಜ್ಜೆಯ ಮೇಲೆ ಒಂದು ತೆಂಗಿನ ಮರ. ಹಾನಗಲ್ಲ ತಾಲೂಕಿನ ತಿಳವಳ್ಳಿಯಿಂದ ಸಸಿ ತಂದು ಮಹಾಲಿಂಗಪ್ಪನೇ ನೆಟ್ಟದ್ದು. ಹಳ್ಳದಕೊಪ್ಪದಲ್ಲಿ ಬೇರೆ ತೆಂಗಿನ ಮರ ಇರಲಿಲ್ಲ. ಹನ್ನೊಂದು ವರ್ಷ ಆತ ಅದಕ್ಕೆ ನೀರು ಹೊತ್ತ. ಹನ್ನೊಂದು ವರ್ಷ ಜನ, "ಏನ ಮಾಲಿಂಗಪ್ಪಣ್ಣ, ನಿನ್ನ ಈಚಲಗಿಡಾ ಹೆಂಗೈತಿ?" ಎಂದು ಕೇಳಿದರು. ಈ ವರ್ಷ ಅದು ಮೊದಲ ಹೊಂಬಾಳೆ ಬಿಟ್ಟಿತ್ತು.

ಹೊಂಬಾಳೆಯ ಜೊತೆಗೇ ಗರಿಗಳಲ್ಲಿ ಕತ್ತರಿಯಿಂದ ಮೂಲೆ ಕತ್ತರಿಸಿದಂಥ ಗುರುತು ಕಂಡವು. ಬಸವಣ್ಣೆಪ್ಪ ಮರ ನೋಡಿದ, ಗುಂಡಿ ಕೆದರಿ ನೋಡಿದ.

"ಇವು ದೊಡ್ಡವಾಗಿ ಕೋಡಿನ ದುಂಬಿ ಆಗ್ತಾವ್ರಿ. ಹಾರಿ ಹೋಗಿ ಮರದ ಸುಳಿ ಕೊರೀತಾವ. ಸುಳಿ ಹೋತು ಅಂದ್ರ ಮರ ಹೋತು. ಎಲ್ಲಾ ಆರಿಸಿ ಕೊಂದುಬಿಡ್ರಿ," ಎಂದು ಹೇಳಿ, ಮುಂದಿನ ಗುಂಡಿ ಅಳೆಯಲು ಹೋದ.

ಹೇಳುವುದು ಸುಲಭ. ಐದು ವರ್ಷದ ಹಿಂದೆ ಮಠದಲ್ಲಿ, ಅಯ್ಯನವರ ಮುಂದೆ, ಇಡೀ ಊರು ಕೂತಿದ್ದಾಗ ಮಹಾಲಿಂಗಪ್ಪ ಒಂದು ಮಾತು ಕೊಟ್ಟಿದ್ದ: ಕೊಲ್ಲುವುದಿಲ್ಲ, ಕೊಲ್ಲಿಸುವುದಿಲ್ಲ, ಕೊಲ್ಲುವುದನ್ನು ಕಂಡು ಸುಮ್ಮನೆ ಕೂಡುವುದಿಲ್ಲ. ಅಂದಿನಿಂದ ಆತ ನೆಲ ನೋಡಿ ನಡೆಯುತ್ತಿದ್ದ. ತಗಣೆಗಳು ಸತ್ತಾವೆಂದು ಹೆದರಿ ಹಾಸಿಗೆಯನ್ನು ಬಿಸಿಲಿಗೆ ಹಾಕುತ್ತಿರಲಿಲ್ಲ. ಹೆಂಡತಿ ಸರೋಜವ್ವ ಐದು ವರ್ಷದಿಂದ ಅಡಿಗೆಮನೆಯಲ್ಲಿ ಬೇರೆ ಮಲಗುತ್ತಿದ್ದಳು.

ಹುಳು ಆರಿಸಿ ಬುಟ್ಟಿಗೆ ಹಾಕುವುದನ್ನು ಬೇಲಿಯಾಚೆಯಿಂದ ನೋಡುತ್ತಿದ್ದ ನೆರೆಮನೆಯ ರಮಜಾನಬಿ ಕೇಳಿದಳು, "ಅಣ್ಣಾರ, ಇಷ್ಟ್ಯಾಕ ತ್ರಾಸು? ನನ್ನ ಕೋಳಿ ಬಿಡ್ಲೇನು? ಎಲಿ ಅಡಿಕಿ ಹಾಕ್ಕೊಳ್ಳೂದ್ರಾಗ ಗುಂಡಿ ಸ್ವಚ್ಛ."

"ಅದು ಕೊಲ್ಲಿಸಿದಂಗಾತವಾ."

"ನೀವು ಒಳಗ ಹೋಗ್ರಿ. ಕೋಳಿ ತಾವ ಬೇಲಿ ಜಿಗದು ಬರ್ತಾವ."

"ಬರ್ತಾವಂತ ಗೊತ್ತಿದ್ದು ಒಳಗ ಹೋದ್ರ, ಕಂಡು ಸುಮ್ಮನ ಕುಂತಂಗ."

"ನಾ ಬಿಸಿನೀರು ತರ್ತೇನಿ, ನೀವು ಕಣ್ಣು ಮುಚ್ಚಿರಿ," ಎಂದಳು ಸರೋಜವ್ವ. "ಗಿಡ ಬೇಕೋ ಹುಳ ಬೇಕೋ, ಒಂದು ಹೇಳ್ರಿ."

"ಎರಡೂ ಬೇಕು."

"ಹಂಗಾರ ಹುಳಕ್ಕೊಂದು ಬ್ಯಾರೆ ಮನಿ ಮಾಡ್ರಿ."

ಆಕೆ ಸಿಟ್ಟಿನಿಂದ ಆಡಿದ ಮಾತಿನಲ್ಲಿ ಮಹಾಲಿಂಗಪ್ಪನಿಗೆ ದಾರಿ ಕಂಡಿತು. ಗೊಣ್ಣೆಹುಳು ಬದುಕುವುದು ಗೊಬ್ಬರದಲ್ಲಿ. ಊರೊಳಗಿನ ಹೊರಗಿನ ಯಾವ ತಿಪ್ಪೆಗೆ ಹಾಕಿದರೂ ದುಂಬಿ ಹಾರಿ ಬರುವುದು ಇದ್ದೊಂದು ಮರಕ್ಕೇ. ಆದರೆ ಹಳ್ಳದಾಚೆ ಮೂರು ಮೈಲಿಯ ಮೇಲೆ ತಂಗಿ ಉಡಚವ್ವನ ಗಂಡನ ಮನೆಯಿತ್ತು. ಅವರದು ಕೋಣೆಯಷ್ಟು ದೊಡ್ಡ ತಿಪ್ಪೆ. ಸುತ್ತ ಒಂದು ತೆಂಗೂ ಇಲ್ಲ. ಪಂಚಮಿಗೆ ತಂಗಿಯನ್ನು ಕರೆತರಲು ಹೇಗೂ ನಾಳೆ ಬಂಡಿ ಹೂಡಬೇಕಿತ್ತು.

ಮರುದಿನ ಬೆಳಿಗ್ಗೆ ಬಂಡಿಯಲ್ಲಿ ಎರಡು ಬುಟ್ಟಿ ಏರಿದವು. ಒಂದರಲ್ಲಿ ಪಂಚಮಿಯ ಉಂಡಿ. ಅದರ ಮೇಲೆ ತಂಗಿಯ ಕುಬಸಕ್ಕೆಂದು ತಂದ ಹಸಿರು ಖಣ. ಇನ್ನೊಂದರಲ್ಲಿ ಸಗಣಿ, ಸಗಣಿಯಲ್ಲಿ ಇನ್ನೂರಾ ಹನ್ನೆರಡು.

ಹಳ್ಳದ ಈಚೆ ದಂಡೆಯಲ್ಲಿ ನಾಕಾ. ಒಂದು ಅಡ್ಡಗಳ, ಒಂದು ಗುಡಿಸಲು, ಅದರೊಳಗೆ ಸಿಪಾಯಿ ರಾಜೇಸಾಬ. ಆ ವರ್ಷ ಕಾಳುಕಡಿ ಗಡಿ ದಾಟಬಾರದೆಂದು ಹುಕುಂ ಇತ್ತು. ರಾಜೇಸಾಬ ಸಭ್ಯ ಮನುಷ್ಯ. ಲಂಚ ಮುಟ್ಟುತ್ತಿರಲಿಲ್ಲ, ಹುಕುಮಿನ ಕಾಗದವನ್ನು ರಟ್ಟಿಗೆ ಅಂಟಿಸಿ ಗೂಟಕ್ಕೆ ನೇತುಹಾಕಿದ್ದ.

"ಏನೈತ್ರಿ ಸಾವಕಾರ್ರ, ಪುಟ್ಯಾಗ?"

"ಉಂಡಿ. ಶೇಂಗಾದ್ದು, ಎಳ್ಳಿಂದು, ಅರಳಿಟ್ಟಿಂದು. ತಂಗಿ ಮನಿಗೆ."

ರಾಜೇಸಾಬ ರಟ್ಟು ನೋಡಿದ. "ಶೇಂಗಾ ದಾಟಂಗಿಲ್ಲ. ಎಳ್ಳು ದಾಟಂಗಿಲ್ಲ. ಅರಳು ಅಂದ್ರ ಜ್ವಾಳ, ದಾಟಂಗಿಲ್ಲ."

"ಇದು ಉಂಡಿ ಐತೋ ರಾಜೇಸಾಬ. ಶೇಂಗಾ ಎಲ್ಲೈತಿ?"

"ಒಡದ್ರ ಏನು ಬರ್ತೈತ್ರಿ ಒಳಗ?"

ಮಹಾಲಿಂಗಪ್ಪ ಸುಳ್ಳು ಹೇಳುವವನಲ್ಲ. "ಶೇಂಗಾ," ಎಂದ.

"ಮತ್ತ! ಇಲ್ಲೇ ಇಡ್ರಿ, ಹೊಳ್ಳಿ ಬರುವಾಗ ಒಯ್ರಿ. ಇರುವಿ ಮುತ್ತದಂಗ ನೋಡ್ಕೋತೇನಿ. ಖಣ ಒಯ್ರಿ, ಅರಿವಿ ಕಾಳಲ್ಲ. ಆ ಪುಟ್ಯಾಗೇನೈತಿ?"

"ಹುಳ."

ರಾಜೇಸಾಬ ಬಗ್ಗಿ ನೋಡಿದ. ರಟ್ಟಿನ ಮೇಲೆ ಬೆರಳಿಟ್ಟು ಮೇಲಿಂದ ಕೆಳಗೆ ಬಂದ. ಕೆಳಗಿಂದ ಮೇಲೆ ಹೋದ. "ಇಲ್ಲಿ ಬರದಿಲ್ಲ," ಎಂದು ಅಡ್ಡಗಳ ಎತ್ತಿದ. "ಹೋಗ್ರಿ."

ಖಣವನ್ನು ಬಂಡಿಯ ಹಲಗೆಯ ಮೇಲೆ ಇಟ್ಟರೆ ಧೂಳಾಗುತ್ತದೆಂದು ಮಹಾಲಿಂಗಪ್ಪ ಅದನ್ನು ಉಳಿದೊಂದು ಬುಟ್ಟಿಯ ಮೇಲೆ ಹೊದಿಸಿದ. ಆತ ಮಾಡಿದ ತಪ್ಪು ಇದೊಂದೇ.

ತಂಗಿಯ ಅತ್ತೆ ವೀರವ್ವ ಆ ಮನೆಯ ಪದ್ಧತಿಗಳಿಗೆಲ್ಲ ಯಜಮಾನಿ. ಸೊಸೆಯ ತವರಿನಿಂದ ಬಂಡಿ ಬಂದಿತೆಂದರೆ ಬುಟ್ಟಿಯನ್ನು ಗಂಡಸರು ಇಳಿಸಕೂಡದು. ಮನೆಯ ಹಿರಿಯಳು ನೀರು ಚೆಲ್ಲಿ, ವಿಭೂತಿ ಹಚ್ಚಿ, ಒಳಗೆ ಒಯ್ದು, ಓಣಿಯ ಹೆಣ್ಣುಮಕ್ಕಳ ಎದುರು ಬಿಚ್ಚಬೇಕು. ಬಾಗಿಲಲ್ಲಿ ಆಗಲೇ ಎಂಟು ಹೆಂಗಸರು ನಿಂತಿದ್ದರು.

"ಅತ್ತಿಯಾರ, ಅದು ತಿಪ್ಪಿಗೆ…" ಎಂದು ಮಹಾಲಿಂಗಪ್ಪ ಬಾಯಿ ತೆರೆಯುವಷ್ಟರಲ್ಲಿ ಬುಟ್ಟಿ ಪಡಸಾಲೆಯಲ್ಲಿತ್ತು. ವೀರವ್ವ ವಿಭೂತಿ ಹಚ್ಚಿದಳು. ಖಣವನ್ನು ಕಣ್ಣಿಗೊತ್ತಿಕೊಂಡು ಸೊಸೆಯ ಕೈಗೆ ಕೊಟ್ಟಳು. ಆಮೇಲೆ ಬಗ್ಗಿ ನೋಡಿದಳು.

ಎಂಟು ಹೆಂಗಸರೂ ಬಗ್ಗಿ ನೋಡಿದರು. ಸಗಣಿ ಮೆಲ್ಲಗೆ ಅಲುಗಾಡಿತು.

"ಇದೇನ ಉಡಚವ್ವಾ?" ವೀರವ್ವನ ದನಿ ತಣ್ಣಗಿತ್ತು. "ಪಂಚಮಿಗೆ ನಿನ್ನ ತವರಿಂದ ಏನು ಬಂತು ಇದು?"

ಉಡಚವ್ವ ಅಣ್ಣನ ಮುಖ ನೋಡಿದಳು. ಆ ಮನೆಯಲ್ಲಿ ಹನ್ನೆರಡು ವರ್ಷ ಬಾಳಿದವಳು. ಎಂಟು ಹೆಂಗಸರ ಎಂಟು ಬಾಯಿ ಸಂಜೆಗೆ ಏನು ಮಾಡುತ್ತವೆಂದು ಬಲ್ಲವಳು.

"ಗೊಬ್ಬರದ ಹುಳ ಅಲ್ಲೇನ್ರಿ ಅತ್ತಿ? ನಿಮಗ ಗೊತ್ತಿಲ್ಲ?" ಎಂದಳು, ಇವರಿಗೆ ಗೊತ್ತಿಲ್ಲದ್ದು ಆಶ್ಚರ್ಯವೆಂಬಂತೆ. "ಸರಕಾರದಾವ್ರು ಈಗ ಇದನ್ನ ಹೇಳಾಕತ್ತಾರ. ಇವು ಬಿದ್ದ ತಿಪ್ಪಿ ಬಂಗಾರ ಆಗ್ತೈತಂತ. ಉಂಡಿ ಯಾರ ಬೇಕಾದ್ರೂ ತರ್ತಾರ. ಎರಡು ದಿನಕ್ಕ ಮುಗೀತಾವ. ನಮ್ಮಣ್ಣ ವರ್ಷಗಟ್ಟಲೆ ಬರೂದು ತಂದಾನ. ಹೌದಿಲ್ಲೋ ಅಣ್ಣಾ?"

ಮಹಾಲಿಂಗಪ್ಪ ಸುಳ್ಳು ಹೇಳುವವನಲ್ಲ. ಆದರೆ ಇಲ್ಲ ಎಂದರೆ ತಂಗಿ ಈ ಪಡಸಾಲೆಯಲ್ಲಿ ಇನ್ನೂ ಮೂವತ್ತು ವರ್ಷ ತಲೆ ಬಗ್ಗಿಸಬೇಕು. ಹುಳು ಗೊಬ್ಬರ ತಿಂದು ಹಿಕ್ಕೆ ಹಾಕುವುದು ಸುಳ್ಳಲ್ಲ, ಹಿಕ್ಕೆಯೂ ಗೊಬ್ಬರವೇ, ಎಂದು ಲೆಕ್ಕ ಹಾಕಿ, "ಗೊಬ್ಬರ ಆಗ್ತೈತಿ," ಎಂದಷ್ಟೇ ಹೇಳಿದ.

ವೀರವ್ವನ ಮುಖ ಅರಳಿತು. "ಎಷ್ಟದಾವ್ರಿ ಬೀಗರ?"

"ಇನ್ನೂರಾ ಹನ್ನೆರಡು."

"ಎಣಿಸಿ ತಂದೀರಿ! ನೋಡ್ರಿ, ತವರು ಅಂದ್ರ ಹಿಂಗಿರಬೇಕು." ಹೆಂಗಸರು ತಲೆದೂಗಿದರು. ಬುಟ್ಟಿ ಮೆರವಣಿಗೆಯಲ್ಲಿ ತಿಪ್ಪೆಗೆ ಹೋಯಿತು. ಮಹಾಲಿಂಗಪ್ಪ ನಿಟ್ಟುಸಿರು ಬಿಟ್ಟ. ಮರ ಉಳಿಯಿತು, ಮಾತು ಉಳಿಯಿತು, ತಂಗಿಯ ಮಾನವೂ ಉಳಿಯಿತು.

ಊಟ ಮುಗಿಸಿ ಬಂಡಿ ಹೂಡಲು ಎದ್ದಾಗ ಬುಟ್ಟಿ ವಾಪಸು ಬಂತು. ಅದನ್ನು ಆಳು ಒಬ್ಬನೇ ಎತ್ತಲಾರದೆ ಇಬ್ಬರು ಹಿಡಿದಿದ್ದರು.

"ಇದೇನ್ರಿ?"

"ನಿಮ್ಮ ಬುಟ್ಟಿ ಬರಿದ ಕಳಸೂದೇನ್ರಿ?" ಎಂದಳು ವೀರವ್ವ. "ನಮ್ಮ ಮನ್ಯಾಗ ಪದ್ಧತಿ ಐತಿ. ಬೀಗರು ಏನು ತಂದಾರ, ಅದರ ಎರಡು ಪಟ್ಟು, ಮ್ಯಾಲೊಂದು. ಬೆಲ್ಲ ತಂದ್ರ ಬೆಲ್ಲ, ಕೊಬ್ಬರಿ ತಂದ್ರ ಕೊಬ್ಬರಿ. ಇವು ನಮ್ಮ ತಿಪ್ಪ್ಯಾಗೂ ಇದ್ದು ಅಂತ ಈಗ ಗೊತ್ತಾತು ನೋಡ್ರಿ! ಬಿಟ್ಟಿ ಬಿದ್ದಿದ್ದು, ನಮಗ ಕಿಮ್ಮತ್ತು ಗೊತ್ತಿರಲಿಲ್ಲ. ಆಳು ಹಚ್ಚಿ ತಗಸೇನಿ. ನಾಕನೂರಾ ಇಪ್ಪತ್ತೈದು. ಎಣಿಸಿ ತಗೋರಿ."

ಬೀಗರು ಕೊಟ್ಟದ್ದನ್ನು ಬೇಡ ಎನ್ನುವ ಬಾಯಿ ಹಳ್ಳದ ಎರಡೂ ದಂಡೆಯಲ್ಲಿ ಹುಟ್ಟಿರಲಿಲ್ಲ. ಮಹಾಲಿಂಗಪ್ಪ ಕೈ ಮುಗಿದ.

ಬಂಡಿ ಊರು ದಾಟಿದ ಮೇಲೆ ಉಡಚವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗತೊಡಗಿದಳು. ಕಣ್ಣಲ್ಲಿ ನೀರು ಬರುವತನಕ ನಕ್ಕು, ಆಮೇಲೆ ಕೇಳಿದಳು, "ಅಣ್ಣಾ, ಖರೇ ಹೇಳು. ಯಾಕ ತಂದಿದ್ದಿ ಇವನ್ನ?"

ಆತ ಹೇಳಿದ. ಆಕೆಯ ನಗೆ ನಿಂತಿತು. ಆ ಮರದ ಸುದ್ದಿ ಆಕೆ ಬಲ್ಲಳು.

"ಹಂಗಾರ ಈಗೇನು ಮಾಡ್ತಿ?"

"ನಾಕಾದಾಗ ಉಂಡಿ ಅದಾವ, ತಿನ್ನುವಂತಿ," ಎಂದ ಮಹಾಲಿಂಗಪ್ಪ. ಅದರ ಮುಂದಿನದು ಆತನಿಗೂ ಗೊತ್ತಿರಲಿಲ್ಲ.

ನಾಕಾದಲ್ಲಿ ರಾಜೇಸಾಬ ಉಂಡಿಯ ಬುಟ್ಟಿಯನ್ನು ನೀರು ತುಂಬಿದ ಹರಿವಾಣದ ನಡುವೆ ಇಟ್ಟಿದ್ದ. ಒಂದು ಇರುವೆಯೂ ಹತ್ತಿರಲಿಲ್ಲ. ಅದನ್ನು ಒಪ್ಪಿಸಿ, ಇನ್ನೊಂದು ಬುಟ್ಟಿ ನೋಡಿದ.

"ಮತ್ತ ಹುಳಾ?"

"ಮತ್ತ ಹುಳ."

"ಹೋಗುವಾಗ ಇಷ್ಟಿರಲಿಲ್ಲ." ರಾಜೇಸಾಬ ಗುಡಿಸಲೊಳಗೆ ಹೋಗಿ ಬೇರೊಂದು ರಟ್ಟು ತಂದ. "ಸಾವಕಾರ್ರ, ಹೊರಗ ಹೋಗೂ ಮಾಲಿಗೆ ಒಂದು ಹುಕುಂ. ಒಳಗ ಬರೂದಕ್ಕ ಬ್ಯಾರೆ. ಹಿರೇಕೆರೂರ ಕಡೆ ದನಕ್ಕ ದೊಡ್ಡಬ್ಯಾನಿ ಎದ್ದೈತಿ. ಹೊರಗಿಂದ ಬರೂ ಜೀವಂತ ಪ್ರಾಣಿ ದನದ ಡಾಕ್ಟರ ಚೀಟಿ ಇಲ್ಲದ ಒಳಗ ಬರಂಗಿಲ್ಲ. ಇವು ಜೀವಂತ ಅದಾವಿಲ್ಲೋ?"

ಮಹಾಲಿಂಗಪ್ಪ ಬುಟ್ಟಿ ನೋಡಿದ. "ಅದಾವ."

"ಹಂಗಾರ ಡಾಕ್ಟರು ಬರೂತನಕ ಇಲ್ಲೇ ಇರಬೇಕು. ಯಾರವು ಇವು? ನಿಮ್ಮವೋ, ಅಲ್ಲೋ? ಯಾರವೂ ಅಲ್ಲಂದ್ರ ಹಳ್ಳಕ್ಕ ಸುರೂತೇನಿ, ಹರಕೊಂಡು ಹೋಕ್ಕಾವ. ನಿಮ್ಮವಂದ್ರ ದಿನಾ ಮೇವು ನೀವ ತಂದು ಹಾಕಬೇಕು. ಹುಕುಂ ಹಂಗೈತಿ."

ಉಡಚವ್ವ ಬಂಡಿಯ ಮೇಲಿಂದ ಅಣ್ಣನನ್ನೇ ನೋಡುತ್ತಿದ್ದಳು. ಶ್ರಾವಣದ ಹಳ್ಳ ಕೆಂಪಗೆ ಹರಿಯುತ್ತಿತ್ತು. ಅಲ್ಲ ಎಂಬ ಒಂದು ಮಾತು. ಮರ ಉಳಿಯುತ್ತದೆ, ಕೈಗೆ ರಕ್ತವೂ ಹತ್ತುವುದಿಲ್ಲ.

"ನಮ್ಮವು," ಎಂದ ಮಹಾಲಿಂಗಪ್ಪ.

ಡಾಕ್ಟರು ಹಿರೇಕೆರೂರ ತಾಲೂಕಿನಲ್ಲಿ ಅಬಲೂರಿನ ಸುತ್ತ ದನಗಳಿಗೆ ಸೂಜಿ ಹಾಕುತ್ತಿದ್ದರು. ಬರಲು ಒಂಬತ್ತು ದಿನ ಹಿಡಿಯಿತು. ಒಂಬತ್ತು ದಿನವೂ, ಪಂಚಮಿಯ ದಿನ ಕೂಡ, ಮಹಾಲಿಂಗಪ್ಪ ಒಂದು ಬುಟ್ಟಿ ಸಗಣಿ ತಲೆಯ ಮೇಲೆ ಹೊತ್ತು ನಾಕಾಕ್ಕೆ ಹೋದ. ಮುಕ್ಕಾಲು ಮೈಲಿ. ಜೋಕಾಲಿ ಆಡುತ್ತಿದ್ದ ಹುಡುಗಿಯರು ಜೋಕಾಲಿ ನಿಲ್ಲಿಸಿ ನೋಡಿದರು. ಚಾವಡಿಯ ಕಟ್ಟೆಯ ಮೇಲೆ ಕೂತವರು, "ಜೇಲಿನಾಗ ಇದ್ದ ಮಂದಿಗೆ ಬುತ್ತಿ ಹೊಂಟೈತಿ ನೋಡ್ರಿ," ಎಂದರು. ಒಬ್ಬ, "ಜಾಮೀನ ಸಿಗವಲ್ದೇನ್ರಿ?" ಎಂದು ಕೇಳಿದ. ಮಹಾಲಿಂಗಪ್ಪ ನೆಲ ನೋಡಿ ನಡೆದ. ಒಳಗೊಳಗೆ ಆತ ಸುಖವಾಗಿಯೇ ಇದ್ದ. ಹುಳುಗಳು ಸರಕಾರದ ತಾಬೆಯಲ್ಲಿ ತಿಂದು ಮಲಗಿದ್ದವು. ಮರದಲ್ಲಿ ಹೊಸ ಗುರುತು ಬಿದ್ದಿರಲಿಲ್ಲ. ಹೊಂಬಾಳೆ ಸಿಡಿದು ಏಳು ಕಾಯಿ ಕಚ್ಚಿದ್ದವು. ಡಾಕ್ಟರು ಹೀಗೆಯೇ ವರ್ಷವಿಡೀ ಅಬಲೂರಿನಲ್ಲಿದ್ದರೆ ಯಾರಿಗೂ ತೊಂದರೆ ಇರಲಿಲ್ಲ.

ಹತ್ತನೆಯ ದಿನ ಡಾಕ್ಟರು ಬಂದರು. ದಣಿದಿದ್ದರು, ಆದರೂ ಕೆಲಸ ಬಿಡುವವರಲ್ಲ. ಬುಟ್ಟಿಯನ್ನು ಬೆಳಕಿಗೆ ತರಿಸಿ, ಒಂದು ಹುಳುವನ್ನು ಅಂಗೈಯಲ್ಲಿಟ್ಟು ಹೊರಳಿಸಿ ನೋಡಿದರು.

"ಮೇವು ತಿಂತಾವೇನು?"

"ಭಾಳ ತಿಂತಾವ್ರಿ," ಎಂದ ರಾಜೇಸಾಬ.

"ಜೊಲ್ಲು? ಭೇದಿ?"

"ಕಂಡಿಲ್ರಿ."

ಡಾಕ್ಟರು ಚೀಟಿ ಬರೆಯಲು ಕುಳಿತರು. ಮಹಾಲಿಂಗಪ್ಪ ಬುಟ್ಟಿಯನ್ನು ಅವರ ಮುಂದಕ್ಕೆ ಸರಿಸಿದ. "ಸಾಹೇಬ್ರ, ಇನ್ನೊಮ್ಮೆ ನೋಡ್ರಿ. ಒಂದಾದ್ರೂ ಬ್ಯಾನಿ ಇದ್ದೀತು."

"ಇದ್ರ ಎಲ್ಲಾ ಸುಡಬೇಕಾಕ್ಕೈತಿ. ಐತೇನು?"

"ಇಲ್ರಿ," ಎಂದ ಮಹಾಲಿಂಗಪ್ಪ ಗಾಬರಿಯಿಂದ. "ಒಂದಕ್ಕೂ ಇಲ್ಲ. ಗಟ್ಟಿಮುಟ್ಟ ಅದಾವ."

ಚೀಟಿಯಲ್ಲಿ ಡಾಕ್ಟರು ಬರೆದರು: ನಾಲ್ಕು ನೂರಾ ಇಪ್ಪತ್ತೈದು, ಜಾತಿ ಹುಳ, ಬಣ್ಣ ಬಿಳಿ, ಎಲ್ಲವೂ ನಿರೋಗಿ, ಮಾಲಕನ ಹಿತ್ತಲಿಗೆ ಹೋಗಲು ಅಡ್ಡಿಯಿಲ್ಲ. ರಾಜೇಸಾಬ ಅಡ್ಡಗಳ ಎತ್ತಿ, ಸ್ವಲ್ಪ ದುಃಖದಿಂದಲೇ ಬುಟ್ಟಿ ಬಂಡಿಗೆ ಏರಿಸಿದ. ಒಂಬತ್ತು ದಿನದಲ್ಲಿ ಆತನಿಗೂ ರೂಢಿಯಾಗಿತ್ತು.

ಬಂಡಿ ಹಿತ್ತಲಿಗೆ ಬಂದಾಗ ಸರೋಜವ್ವ ಮರದ ಬುಡದಲ್ಲಿ ಕೈ ಕಟ್ಟಿ ನಿಂತಿದ್ದಳು.

"ಎಷ್ಟು?"

"ನಾಕನೂರಾ ಇಪ್ಪತ್ತೈದು."

"ಇನ್ನೂರು ಒಯ್ದು ನಾಕನೂರು ತಂದ್ರಿ. ಮುಂದಿನ ಪಂಚಮಿಗೆ ಎಂಟನೂರು." ಆಕೆ ಕೂಗಾಡಲಿಲ್ಲ, ಅದೇ ಮಹಾಲಿಂಗಪ್ಪನಿಗೆ ಹೆದರಿಕೆ ತಂದಿತು. "ಒಂದು ಮಾತು ಕೇಳ್ತೇನಿ. ಮಠದಾಗ ಮಾತು ಕೊಡುವಾಗ ನಾನೂ ಅಲ್ಲೇ ಇದ್ದೆ. ಕೊಲ್ಲೂದು ಕಂಡು ಸುಮ್ಮನ ಕುಂದರೂದಿಲ್ಲ ಅಂದ್ರಿ. ಈ ಗಿಡಕ್ಕ ಜೀವ ಇಲ್ಲೇನು? ಇವು ಅದನ್ನ ಕೊಲ್ತಾವಂತ ಗೊತ್ತಿದ್ದು ಗುಂಡ್ಯಾಗ ಹಾಕ್ತೀರಿ. ನಾಳೆ ಕಟ್ಟೀಮ್ಯಾಲೆ ಕುಂತು ನೋಡ್ತೀರಿ. ಆ ಮಾತಿಗೇನು ಮಾಡೂದು?"

ಮಹಾಲಿಂಗಪ್ಪ ಬುಟ್ಟಿಯನ್ನು ಕೆಳಗಿಟ್ಟ. ಐದು ವರ್ಷದಲ್ಲಿ ಈ ಪ್ರಶ್ನೆಯನ್ನು ಆತನಿಗೆ ಯಾರೂ ಕೇಳಿರಲಿಲ್ಲ, ಆತನೂ ಕೇಳಿಕೊಂಡಿರಲಿಲ್ಲ. ಮರ ನೋಡಿದ, ಬುಟ್ಟಿ ನೋಡಿದ. ಬೇಲಿಯಾಚೆ ಕೋಳಿಗಳು ಸಾಲಾಗಿ ನಿಂತಿದ್ದವು. "ರಮಜಾನಬಿ," ಎಂದು ಕರೆದ. "ನಿನ್ನ ಕೋಳಿ…"

ರಮಜಾನಬಿ ಬೇಲಿಗೆ ಬಂದಳು. ಆತನ ಮುಖ ನೋಡಿ ಆಕೆಗೆ ಕೋಳಿಯ ವಿಷಯ ಎತ್ತುವ ಮನಸ್ಸಾಗಲಿಲ್ಲ.

"ಅಣ್ಣಾರ, ಗಿಡದ್ದ ಚಿಂತಿ ಇದ್ರ ಸುಳಿ ಬುಡಕ್ಕ ಉಸುಕು ಹಾಕ್ರೆಲ್ಲಾ. ಉಸುಕು, ಬೂದಿ, ಬೇವಿನ ಹಿಂಡಿ. ನಮ್ಮ ತವರುಮನಿ ಬನವಾಸಿ ಕಡೆ ಎಲ್ಲಾರೂ ಹಾಕ್ತಾರ."

"ಹಾಕಿದ್ರ?"

"ದುಂಬಿ ಸಂದ್ಯಾಗ ಹೋಗಾಕ ಬಂದ್ರ ಉಸುಕು ಮೈಗೆ ತಿಕ್ಕತೈತಿ. ಸಾಯಂಗಿಲ್ಲ. ಬ್ಯಾಸತ್ತು ಹೊಳ್ಳಿ ಹೋಕ್ಕಾವ."

ಸರೋಜವ್ವ ಕಟ್ಟಿದ ಕೈ ಬಿಟ್ಟಳು.

"ಮದ್ಲ ಯಾಕ ಹೇಳಲಿಲ್ಲ ನೀನು?" ಎಂದ ಮಹಾಲಿಂಗಪ್ಪ.

"ನೀವು ಹುಳದ್ದು ಮಾತಾಡಾಕತ್ತಿದ್ರಿ. ಗಿಡದ್ದು ಯಾರು ಕೇಳಿದ್ರು?"

ಹುಳುಗಳೆಲ್ಲ ಗುಂಡಿಗೆ ಇಳಿದವು. ಉಸುಕು ಹಳ್ಳದಲ್ಲಿ ಬೇಕಾದಷ್ಟಿತ್ತು, ಬೂದಿ ಒಲೆಯಲ್ಲಿತ್ತು, ಹಿಂಡಿ ಉಡಚವ್ವ ತಂದಳು. ಉಳಿದದ್ದು ಏರುವುದು. ಮಹಾಲಿಂಗಪ್ಪ ನಲವತ್ತಾರು ವರ್ಷದವನು, ದೊಡ್ಡ ಹೊಟ್ಟೆ, ಅಟ್ಟಕ್ಕಿಂತ ಎತ್ತರ ಏರಿದವನಲ್ಲ. ಎರಡು ನಿಚ್ಚಣಿಕೆಗಳನ್ನು ಹಗ್ಗದಿಂದ ಜೋಡಿಸಿ ಕಟ್ಟಿದರು. ಸರೋಜವ್ವ ಒಂದು ಕಡೆ, ಉಡಚವ್ವ ಒಂದು ಕಡೆ, ರಮಜಾನಬಿ ನಡುವೆ ಹಿಡಿದರು. ಆತ ಉಸುಕಿನ ಚೀಲವನ್ನು ಕೊರಳಿಗೆ ಹಾಕಿಕೊಂಡು ಏರಿದ. ಐದನೆಯ ಮೆಟ್ಟಿಲಲ್ಲಿ ಕಣ್ಣು ಮುಚ್ಚಿದ, ಒಂಬತ್ತನೆಯದರಲ್ಲಿ ತೆರೆದ.

ಗರಿಗಳ ನಡುವೆ ತಲೆ ತೂರಿಸಿದಾಗ, ಒಂದು ಗೇಣು ದೂರದಲ್ಲಿ, ಸುಳಿಯ ಬುಡದಲ್ಲಿ ಒಂದು ದುಂಬಿ ಕೂತಿತ್ತು. ಕರ್ರಗೆ, ಎಣ್ಣೆ ಹಚ್ಚಿದಂತೆ ಮಿಂಚುತ್ತ, ಮೂಗಿನ ಮೇಲೆ ಒಂದು ಕೋಡು. ಅದು ಆತನನ್ನು ನೋಡಿತು. ಆತ ಅದನ್ನು ನೋಡಿದ.

"ಆತೇನ್ರಿ?" ಕೆಳಗಿಂದ ಸರೋಜವ್ವ ಕೂಗಿದಳು.

"ಇನ್ನ ಇಲ್ಲ."

"ಯಾಕ?"

"ಜಾಗಾದಾಗ ಒಬ್ರು ಅದಾರ."

ಮಹಾಲಿಂಗಪ್ಪ ಒಂದು ಚಿಟಿಕೆ ಉಸುಕು ತೆಗೆದು ದುಂಬಿಯ ಎಡಕ್ಕೆ ಹಾಕಿದ. ದುಂಬಿ ಬಲಕ್ಕೆ ಸರಿಯಿತು. ಬಲಕ್ಕೆ ಹಾಕಿದ, ಅದು ಹಿಂದೆ ಸರಿದು, ಕೋಡು ತಗ್ಗಿಸಿ, ಆತನ ತೋಳಿನ ಮೇಲೆ ಹತ್ತಿ, ಅಲ್ಲಿಯೇ ನಿಂತಿತು. ಅಲುಗಾಡಿದರೆ ಕೈಯಡಿ ಸಿಕ್ಕು ಸತ್ತೀತು. ಆದ್ದರಿಂದ ಆತ ಅಲುಗಾಡಲಿಲ್ಲ. ಇನ್ನೊಂದು ಕೈಯಿಂದ ಚಿಟಿಕೆ ಚಿಟಿಕೆಯಾಗಿ ಒಂದೊಂದೇ ಸಂದಿ ತುಂಬುತ್ತ ಬಂದ. ಮೊದಲ ಸುತ್ತು ಮುಗಿಯಿತು. ಏಳು ಕಾಯಿಗಳನ್ನೂ ಮುಟ್ಟಿ ನೋಡಿದ; ನಿಂಬೆಹಣ್ಣಿನಷ್ಟಾಗಿದ್ದವು, ಗಟ್ಟಿಯಾಗಿದ್ದವು.

"ಕೈ ಸೋತುವು," ಎಂದಳು ಉಡಚವ್ವ ಕೆಳಗಿಂದ. "ಇಳಿ ಅಣ್ಣಾ."

"ಇವ್ನು ಇಳೀಲಿ ತಡಿ."

ದುಂಬಿಗೆ ಅವಸರವಿರಲಿಲ್ಲ. ಮೂವರು ಹೆಂಗಸರು ನಿಚ್ಚಣಿಕೆ ಹಿಡಿದು ನಿಂತೇ ಇದ್ದರು.